ಮಾಯದ ಹುಣ್ಣು: ಸ್ತನದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದವರೂ ಅವರ ಮನೆಯವರೂ ತಿಳಿದಿರಬೇಕಾದ ಸಂಗತಿ

(ಕುಟುಂಬ ಕಲ್ಯಾಣ ಶಿಬಿರದಲ್ಲಿ ಗ್ರಾಮೀಣ ದಂಪತಿಗಳನ್ನು ಉದ್ದೇಶಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣ ಎಂದೊಡನೆ ಹೆರಿಗೆಗಳ ನಡುವಣ ಅಂತರ, ಮಕ್ಕಳ ಲಸಿಕೆ, ಸಂತಾನ ನಿಯಂತ್ರಣದ ಶಸ್ತ್ರಕ್ರಿಯೆ ಇವೇ ನಿಮ್ಮ ನೆನಪಿಗೆ ಬರುವುದು ಸಹಜ. ಆ ವಿಷಯಗಳನ್ನು ಕುರಿತು ಈ ಶಿಬಿರದಲ್ಲಿ ಇತರರು ಈಗಾಗಲೇ ಮಾತನಾಡಿದ್ದಾರೆ. ನಾನು ಆರಿಸಿಕೊಂಡಿರುವ ವಿಷಯ ಬೇರೆ. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಗುಣಮುಖಳಾದ ಹೆಣ್ಣುಮಗಳಿಗೆ, ಎಷ್ಟೋ ವರ್ಷಗಳ ತರುವಾಯ, ವಿಕಿರಣ ಕೊಟ್ಟ ಜಾಗದಲ್ಲಿ ಒಮ್ಮೊಮ್ಮೆ ಮಾಯದ ಹುಣ್ಣೊಂದು ಏಳುವುದುಂಟು. ಇದು ವಿರಳವಾದ ತೊಂದರೆ. ನಿಮ್ಮಲ್ಲಿ ಬಹುಮಂದಿ ಇದನ್ನು ಕಣ್ಣಾರೆ ನೋಡಿರಲಾರಿರಿ. ಆದರೂ ಇದನ್ನು ದಂಪತಿಗಳ ಮುಂದೆಯೇ ಹೇಳಬೇಕೆಂದು ನನಗೆ ಅನ್ನಿಸಲು ಕಾರಣವಿದೆ; ಅದನ್ನು ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಆರೋಗ್ಯ ಕೇಂದ್ರಕ್ಕೆ ಸುಮಾರು 50 ವರ್ಷದ ತಾಯಿಯೊಬ್ಬರು ಬಂದರು. "ಎದೆ ಮ್ಯಾಲೆ ಒಂದು ಕುರ ಎದ್ದದೆ ಸಾ, ಮುಲಾಮು ಏನಾದ್ರೂ ಕೊಡಿ" ಎಂದರು. ಅಂದು ರೋಗಿಗಳ ಸಾಲು ಉದ್ದವಾಗಿತ್ತು. ಸೆರಗಿನ ಅಂಚನ್ನು ಎರಡು ಬೆರಳಿನಷ್ಟು ಸರಿಸಿ ಅವರು ತೋರಿಸಿದ್ದನ್ನು ನಾನು ಅಷ್ಟೇ ನೋಡಿದೆ. ಸಕ್ಕರೆ ಕಾಯಿಲೆ ಇದೆಯೇ ಎಂದು ಪರೀಕ್ಷಿಸಿದೆ; ಇರಲಿಲ್ಲ. ಮಾತ್ರೆ ಕೊಟ್ಟೆ, ಮುಲಾಮು ಕೊಟ್ಟೆ. ಎರಡು ವಾರ ಬಿಟ್ಟು ಮತ್ತೆ ಬಂದರು. ಮತ್ತೆ ಬೇರೆ ಮಾತ್ರೆ ಕೊಟ್ಟೆ. ಹೀಗೆ ಎರಡು ತಿಂಗಳು ಕಳೆಯಿತು. ಸಾಮಾನ್ಯವಾದ ಗಾಯವಾಗಿದ್ದರೆ ಅಷ್ಟು ಹೊತ್ತಿಗೆ ಮಾಯಬೇಕಾಗಿತ್ತು. ಆಗ ನನಗೆ ಸಂದೇಹ ಬಂದು, ನಮ್ಮ ಶುಶ್ರೂಷಕಿಯನ್ನು ಜೊತೆಗೆ ಕರೆದು, ಒಳಗಿನ ಕೋಣೆಯಲ್ಲಿ ಎದೆಯನ್ನು ಪೂರ್ಣವಾಗಿ ಪರೀಕ್ಷಿಸಿದೆ.

ಒಂದು ಸ್ತನ ಇರಲಿಲ್ಲ. ಶಸ್ತ್ರಕ್ರಿಯೆಯ ಹಳೆಯ ಗೆರೆ ಅಡ್ಡಲಾಗಿ ಹೋಗಿತ್ತು. ಅದರ ಸುತ್ತಲಿನ ಚರ್ಮ ತೆಳ್ಳಗೆ ಹೊಳೆಯುತ್ತ, ಕೆಲವೆಡೆ ಕಪ್ಪಿಟ್ಟು, ಕೆಲವೆಡೆ ಬೆಳ್ಳಗಾಗಿ, ಕೂದಲೆಳೆಯಂಥ ಕೆಂಪು ನಾಳಗಳಿಂದ ತುಂಬಿತ್ತು. ವಿಶೇಷವೆಂದರೆ, ಬಣ್ಣ ಬದಲಾದ ಆ ಭಾಗ ಹೊಲದ ಬದುವಿನಂತೆ ನೇರವಾದ ಅಂಚುಗಳಿಂದ ಕೂಡಿತ್ತು. ಯಾವ ಕುರುವೂ, ಯಾವ ಕಜ್ಜಿಯೂ ಹೀಗೆ ಗೆರೆ ಎಳೆದಂತೆ ಹರಡುವುದಿಲ್ಲ. ಅಂಚಿನಲ್ಲಿ ಸಾಸಿವೆಯಷ್ಟು ಗಾತ್ರದ ನೀಲಿ ಹಚ್ಚೆಯ ಚುಕ್ಕೆಯೂ ಇತ್ತು. ವಿಕಿರಣ ಯಂತ್ರವನ್ನು ದಿನವೂ ಒಂದೇ ಜಾಗಕ್ಕೆ ಗುರಿಯಿಡಲು ಹಾಕುವ ಗುರುತು ಅದು. ಹುಣ್ಣು ಆ ಚೌಕದ ನಡುವೆ ಇತ್ತು. ತಳ ಹಳದಿಯಾಗಿ ಒಣಗಿತ್ತು. ಕೆಂಪಗೆ ಹೊಸ ಮಾಂಸ ಬೆಳೆಯುವ ಲಕ್ಷಣವೇ ಇರಲಿಲ್ಲ.

"ಕರೆಂಟ್ ಕೊಡಿಸಿದ್ರಾ ಅಮ್ಮಾ?" ಎಂದೆ. ಹನ್ನೊಂದು ವರ್ಷದ ಕೆಳಗೆ ಕೊಡಿಸಿದ್ದೆವು ಎಂದರು. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದಾಗ ಅವರು ಕೊಟ್ಟ ಉತ್ತರ ನನಗೆ ಇಂದಿಗೂ ಮರೆತಿಲ್ಲ: "ನೀವು ಕೇಳ್ಲಿಲ್ಲ ಸಾ. ಅದೂ ಅಲ್ದೆ ಮಗಳಿಗೆ ಗಂಡು ನೋಡ್ತಾ ಇದ್ದೀವಿ. ಆ ಕಾಯ್ಲೆ ಮತ್ತೆ ಬಂತು ಅಂತ ಊರಲ್ಲಿ ಗೊತ್ತಾದ್ರೆ ಯಾರು ಬತ್ತಾರೆ?"

ಸೌದೆ ಹೊರೆ ಎತ್ತುವಾಗ ಕಡ್ಡಿಯೊಂದು ತರಚಿ ಆದ ಗಾಯವದು. ನನ್ನಲ್ಲಿಗೆ ಬರುವ ಮುಂಚೆ ಹತ್ತು ತಿಂಗಳು ಅದನ್ನು ಅವರು ಯಾರಿಗೂ ತೋರಿಸದೆ, ಅರಿಶಿನವನ್ನೂ ಸುಣ್ಣವನ್ನೂ ಹಚ್ಚಿ, ಹಳೆಯ ಬಟ್ಟೆ ಕಟ್ಟಿಕೊಂಡು, ಕೆಲಸ ಮಾಡಿಕೊಂಡಿದ್ದರು. ಮರುದಿನ ಅವರ ಯಜಮಾನರನ್ನು ಕರೆಸಿದೆ. ಆತ ಒಳ್ಳೆಯ ರೈತ, ಹೆಂಡತಿಯನ್ನು ಹಿಂದೆ ಮೂರು ವಾರ ಬೆಂಗಳೂರಿನಲ್ಲಿ ಜೊತೆಗಿದ್ದು ನೋಡಿಕೊಂಡವನು. ತಲೆ ತಗ್ಗಿಸಿ, "ಒಂದು ವರ್ಷದಿಂದ ಅಡುಗೆಮನೇಲೇ ಮಲಗ್ತಾಳೆ ಸಾ. ಯಾಕೆ ಅಂತ ನಾನೂ ಕೇಳ್ಲಿಲ್ಲ" ಎಂದ.

ಕೇಳದಿದ್ದವರಲ್ಲಿ ವೈದ್ಯನಾದ ನಾನೂ ಒಬ್ಬನಾದ್ದರಿಂದ ಆತನನ್ನು ಆಕ್ಷೇಪಿಸುವ ಅಧಿಕಾರ ನನಗಿರಲಿಲ್ಲ. ಆ ತಾಯಿಯ ಮುಂದಿನ ಕಥೆಯನ್ನು ಆಮೇಲೆ ಹೇಳುವೆನು. ಈ ಹುಣ್ಣು ಏಕೆ ಬರುತ್ತದೆಂಬುದನ್ನು ಮೊದಲು ತಿಳಿಯೋಣ.

ನಮ್ಮ ಕಡೆ ಜನರು "ಕರೆಂಟ್ ಕೊಡುವುದು" ಎನ್ನುವ ಚಿಕಿತ್ಸೆಯಲ್ಲಿ ವಿದ್ಯುತ್ತನ್ನು ಮೈಗೆ ಹರಿಸುವುದಿಲ್ಲ. ಅದು ಕಣ್ಣಿಗೆ ಕಾಣದ ಕಿರಣಗಳ ಚಿಕಿತ್ಸೆ. 1895ರಲ್ಲಿ ಜರ್ಮನಿಯ ರಾಂಟ್ಜನ್ ಎಂಬ ವಿಜ್ಞಾನಿ ಎಕ್ಸ್-ಕಿರಣಗಳನ್ನು ಕಂಡುಹಿಡಿದನು. 1898ರಲ್ಲಿ ಪ್ಯಾರಿಸ್ಸಿನಲ್ಲಿ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು ರೇಡಿಯಂ ಎಂಬ ಧಾತುವನ್ನು ಕಂಡುಹಿಡಿದರು. ಅವರ ಸಮಕಾಲೀನನಾದ ಬೆಕೆರೆಲ್ ಎಂಬುವನು 1901ರಲ್ಲಿ ರೇಡಿಯಂ ತುಂಬಿದ ಚಿಕ್ಕ ಗಾಜಿನ ಕೊಳವೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರಿಂದ, ಕೆಲವು ದಿನಗಳಾದ ಮೇಲೆ ಜೇಬಿನ ಕೆಳಗಿನ ಚರ್ಮ ಕೆಂಪಾಗಿ ಹುಣ್ಣಾಯಿತು. ಇದು ನಿಜವೇ ಎಂದು ತಿಳಿಯಲು ಪಿಯರ್ ಕ್ಯೂರಿ ತನ್ನ ತೋಳಿನ ಮೇಲೆ ತಾನೇ ರೇಡಿಯಂ ಇಟ್ಟುಕೊಂಡು ಹುಣ್ಣು ಮಾಡಿಕೊಂಡನು. ಕಿರಣಗಳು ಜೀವಕೋಶಗಳನ್ನು ಕೊಲ್ಲಬಲ್ಲವೆಂಬುದು ಇಂಥ ಅನುಭವಗಳಿಂದಲೇ ವೈದ್ಯರಿಗೆ ಮನವರಿಕೆಯಾಯಿತು. ಹೀಗೆ, ಈ ಚಿಕಿತ್ಸೆಯೂ ಈ ಹುಣ್ಣೂ ಒಂದೇ ಕಾಲದಲ್ಲಿ ಹುಟ್ಟಿದವು ಎನ್ನಬಹುದು.

ಸ್ತನದ ಕ್ಯಾನ್ಸರಿನಲ್ಲಿ ಗಡ್ಡೆಯನ್ನು ಕೊಯ್ದು ತೆಗೆದ ಮೇಲೂ ಕಣ್ಣಿಗೆ ಕಾಣದ ಕೆಲವು ರೋಗಕೋಶಗಳು ಉಳಿದಿರಬಹುದು. ಅವುಗಳನ್ನು ನಾಶಪಡಿಸಲು ಎದೆಯ ಭಾಗಕ್ಕೆ, ಕೆಲವರಿಗೆ ಕಂಕುಳು ಮತ್ತು ಕೊರಳಿನ ಬುಡಕ್ಕೂ, ಕಿರಣ ಹಾಯಿಸುತ್ತಾರೆ. ವಾರಕ್ಕೆ ಐದು ದಿನದಂತೆ ಹಿಂದೆ ಐದು ವಾರ ಕೊಡುತ್ತಿದ್ದರು. ಈಗ ಬಹಳ ಮಂದಿಗೆ ಮೂರು ವಾರದಲ್ಲಿ, ಕೆಲವರಿಗೆ ಒಂದೇ ವಾರದಲ್ಲಿ ಮುಗಿಸುತ್ತಾರೆ. ಸ್ತನವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆದವರಲ್ಲಿ ಈ ಚಿಕಿತ್ಸೆಯಿಂದ ರೋಗವು ಮರುಕಳಿಸುವ ಸಂಭವ ಸುಮಾರು ಅರ್ಧದಷ್ಟು ತಗ್ಗುತ್ತದೆ. ಆದಕಾರಣ ನಾನು ಹುಣ್ಣಿನ ಮಾತೆತ್ತಿದೆನೆಂದು ಯಾರೂ ಹೆದರಿ ವಿಕಿರಣ ಚಿಕಿತ್ಸೆಯನ್ನು ನಿರಾಕರಿಸಬಾರದು. ಹುಣ್ಣಾಗುವುದು ನೂರಾರು ಮಂದಿಯಲ್ಲಿ ಯಾರೋ ಒಬ್ಬರಿಗೆ. ಆದರೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರಲ್ಲಿ ರೋಗ ಮರಳಿದ್ದನ್ನು ನನ್ನ ಅಲ್ಪ ಸೇವಾವಧಿಯಲ್ಲೇ ನಾನು ಕಂಡಿದ್ದೇನೆ.

ಚಿಕಿತ್ಸೆ ನಡೆಯುವಾಗ, ಸಾಮಾನ್ಯವಾಗಿ ಎರಡು ಮೂರನೆಯ ವಾರದ ಹೊತ್ತಿಗೆ, ಚರ್ಮ ಕೆಂಪಾಗುವುದು, ಉರಿಯುವುದು, ಸಿಪ್ಪೆ ಏಳುವುದು, ಕಂಕುಳಿನ ಮಡಿಕೆಯಲ್ಲಿ ಒಸರುವುದು ಇವೆಲ್ಲ ಉಂಟು. ಇದು ಚಿಕಿತ್ಸೆ ಮುಗಿದ ಒಂದು ತಿಂಗಳೊಳಗೆ ಬಹುಮಟ್ಟಿಗೆ ವಾಸಿಯಾಗುತ್ತದೆ. ನಾನು ಹೇಳುತ್ತಿರುವ ಹುಣ್ಣು ಇದಲ್ಲ.

ಆ ಇನ್ನೊಂದು ಹುಣ್ಣು ತಡವಾಗಿ ಬರುವಂಥದು. ಕೆಲವರಿಗೆ ತಿಂಗಳುಗಳಲ್ಲಿ, ಕೆಲವರಿಗೆ ಐದು ಹತ್ತು ವರ್ಷಗಳ ಮೇಲೆ, ಇಪ್ಪತ್ತು ವರ್ಷ ಕಳೆದ ಮೇಲೆ ಬಂದದ್ದೂ ಉಂಟು. ಕಾರಣವನ್ನು ರೈತರಾದ ನಿಮಗೆ ತಿಳಿಸುವುದು ಸುಲಭ. ಕಾಲುವೆಯ ಕೊನೆಯಂಚಿನ ಗದ್ದೆಯನ್ನು ನೆನೆಯಿರಿ. ಕಿರುಗಾಲುವೆಗಳಲ್ಲಿ ವರ್ಷ ವರ್ಷವೂ ಹೂಳು ತುಂಬುತ್ತ ಬಂದರೆ ಗದ್ದೆ ಒಮ್ಮೆಗೇ ಒಣಗುವುದಿಲ್ಲ. ಅಷ್ಟಿಷ್ಟು ನೀರಿನಲ್ಲಿ ಹೇಗೋ ಹಸಿರಾಗಿ ಕಾಣುತ್ತಿರುತ್ತದೆ. ಒಂದು ಬೇಸಗೆ ಜೋರಾದರೆ ಸಾಕು, ನೆಲ ಬಿರಿಯುತ್ತದೆ. ಕಿರಣ ತಾಗಿದ ಚರ್ಮದ ಸಣ್ಣ ರಕ್ತನಾಳಗಳೂ ಹೀಗೆಯೇ ನಿಧಾನವಾಗಿ ದಪ್ಪಗಟ್ಟಿ ಒಳಗಿನಿಂದ ಮುಚ್ಚಿಕೊಳ್ಳುತ್ತವೆ. ಚರ್ಮದ ಕೆಳಗಿನ ಮೆತ್ತನೆಯ ಅಂಗಾಂಶ ನಾರಿನಂತೆ ಗಟ್ಟಿಯಾಗುತ್ತದೆ. ಬೆವರಿನ ಹಾಗೂ ಜಿಡ್ಡಿನ ಗ್ರಂಥಿಗಳು ನಶಿಸಿ ಚರ್ಮ ಒಣಗುತ್ತದೆ. ಮೇಲೆ ಏನೂ ಕಾಣದಿದ್ದರೂ ಆ ಭಾಗಕ್ಕೆ ರಕ್ತದ ದಾಸ್ತಾನು ಇರುವುದಿಲ್ಲ. ಆಗ ಒಂದು ತರಚು, ಕುಪ್ಪಸದ ಬಿಗಿಯಾದ ಹೊಲಿಗೆಯ ಉಜ್ಜು, ಒಲೆಯ ಕಿಡಿ, ಬಿಸಿ ಶಾಖ, ಇಷ್ಟೇ ಸಾಕು. ಬೇರೆಡೆಯಲ್ಲಾದರೆ ವಾರದಲ್ಲಿ ಮಾಯುವ ಗಾಯ ಇಲ್ಲಿ ಮಾಯುವುದಿಲ್ಲ. ಹಾಗೆಯೇ ಬಿಟ್ಟರೆ ಆಳಕ್ಕಿಳಿದು ಪಕ್ಕೆಲುಬಿನವರೆಗೂ ಹೋಗುತ್ತದೆ. ಮೂಳೆಗೂ ರಕ್ತ ಸಾಲದೆ ಅದೂ ಸತ್ತುಹೋಗಬಹುದು.

ಹಿಂದಿನ ಕಾಲದ ಯಂತ್ರಗಳಲ್ಲಿ, ದಿನವೊಂದಕ್ಕೆ ದೊಡ್ಡ ಪ್ರಮಾಣ ಕೊಡುತ್ತಿದ್ದಾಗ, ಈ ತೊಂದರೆ ಹೆಚ್ಚಾಗಿತ್ತು. ಈಗ ಸ್ಕ್ಯಾನ್ ಮಾಡಿ, ಎಲ್ಲಿಗೆ ಎಷ್ಟು ಕಿರಣವೆಂದು ಲೆಕ್ಕ ಹಾಕಿ, ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರದಿಂದ ಕೊಡುವುದರಿಂದ ಕಡಿಮೆಯಾಗಿದೆ. ಆದರೆ ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಚಿಕಿತ್ಸೆ ಪಡೆದ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಅವರಲ್ಲಿ ಹಲವರ ಮನೆಯ ಸೊಸೆಯಂದಿರಿಗೂ ಆ ಹಳೆಯ ಸಂಗತಿ ಗೊತ್ತಿರುವುದಿಲ್ಲ.

ಈಗ ಜನರಲ್ಲಿರುವ ಕೆಲವು ತಪ್ಪು ಕಲ್ಪನೆಗಳನ್ನು ಹೇಳಬೇಕು. ಈ ಹುಣ್ಣು ಅಂಟುರೋಗವಲ್ಲ. ಕ್ಯಾನ್ಸರೂ ಅಂಟುರೋಗವಲ್ಲ. ಹೊರಗಿನ ಯಂತ್ರದಿಂದ ಕೊಟ್ಟ ಕಿರಣ ಯಂತ್ರ ನಿಂತ ಕೂಡಲೇ ಮುಗಿಯಿತು. ದೀಪ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುವುದೇ? ಹಾಗೆಯೇ ಆಕೆಯ ಮೈಯಲ್ಲಿ "ಕರೆಂಟು" ಉಳಿದಿರುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಅಡುಗೆ ಮಾಡಬಹುದು, ಒಂದೇ ಕೋಣೆಯಲ್ಲಿ ಮಲಗಬಹುದು. ದಾಂಪತ್ಯ ಜೀವನಕ್ಕೆ ಇದರಿಂದ ಗಂಡನಿಗೆ ಯಾವ ಅಪಾಯವೂ ಇಲ್ಲ. ಹುಣ್ಣಿರುವ ಭಾಗಕ್ಕೆ ಒತ್ತಡ ಬೀಳದಿದ್ದರೆ ಹೆಂಡತಿಗೂ ಇಲ್ಲ. ಮಗಳಿಗೆ ಈ ಹುಣ್ಣು ವಂಶಪಾರಂಪರ್ಯವಾಗಿ ಬರುವುದಿಲ್ಲ. ಸ್ತನದ ಕ್ಯಾನ್ಸರು ಕೂಡ ಬಹುಪಾಲು ವಂಶದಿಂದ ಬರುವಂಥದಲ್ಲ. ಆದರೂ ತಾಯಿಗೋ ಅಕ್ಕತಂಗಿಗೋ ಬಂದಿದ್ದರೆ ಹೆಣ್ಣುಮಕ್ಕಳು ಹೆಚ್ಚು ಎಚ್ಚರದಿಂದಿದ್ದು ವೈದ್ಯರ ಸಲಹೆ ಪಡೆಯಬೇಕು. 30 ವರ್ಷ ದಾಟಿದ ಎಲ್ಲ ಮಹಿಳೆಯರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆಯ ವ್ಯವಸ್ಥೆ ಇರುವುದನ್ನು ಆಶಾ ಕಾರ್ಯಕರ್ತೆಯರು ನಿಮಗೆ ಹೇಳಿರುತ್ತಾರೆ.

ಇನ್ನೊಂದು ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ: ಹುಣ್ಣು ಎದ್ದರೆ ಕ್ಯಾನ್ಸರ್ ಮರಳಿತೆಂದು ಅರ್ಥವೇ? ಅಲ್ಲ. ಹಾಗೆಂದು ಮರಳಿಲ್ಲವೆಂದು ಕಣ್ಣಿನಿಂದ ನೋಡಿ ಹೇಳಲೂ ಬರುವುದಿಲ್ಲ. ನಾನೂ ಹೇಳಲಾರೆ, ನನಗಿಂತ ದೊಡ್ಡ ವೈದ್ಯರೂ ಹೇಳಲಾರರು. ಕಿರಣದಿಂದಲೇ ಆದ ಹುಣ್ಣು, ಹಳೆಯ ರೋಗ ಮರುಕಳಿಸಿ ಆದ ಹುಣ್ಣು, ಎಷ್ಟೋ ವರ್ಷ ಮಾಯದೆ ಉಳಿದ ಹುಣ್ಣಿನಲ್ಲಿ ಹೊಸದಾಗಿ ಹುಟ್ಟಿದ ಚರ್ಮದ ಕ್ಯಾನ್ಸರ್ ಇವು ಮೂರೂ ಒಂದೇ ತೆರನಾಗಿ ಕಾಣಬಹುದು. ವಿಕಿರಣ ಪಡೆದ ಜಾಗದಲ್ಲಿ ಏಟು ಬೀಳದೆಯೇ ಪೆಟ್ಟಾದಂತೆ ನೇರಳೆ ಬಣ್ಣದ ಕಲೆ ಎದ್ದು ಹರಡುತ್ತಿದ್ದರೆ ಅದನ್ನೂ ಅಲಕ್ಷಿಸಬಾರದು. ರಕ್ತನಾಳದ ಒಂದು ವಿರಳ ಕ್ಯಾನ್ಸರ್ ಹಾಗೆ ಕಾಣಿಸಿಕೊಳ್ಳುತ್ತದೆ. ಇವುಗಳನ್ನು ಬೇರ್ಪಡಿಸುವ ದಾರಿ ಒಂದೇ: ಹುಣ್ಣಿನ ಅಂಚಿನಿಂದ ಚಿಕ್ಕ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. "ಕತ್ತರಿ ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ" ಎಂಬ ಮಾತನ್ನು ನಾನು ಪ್ರತಿ ತಿಂಗಳೂ ಕೇಳುತ್ತೇನೆ. ಅದು ನಿರಾಧಾರ. ಆದರೆ ರಕ್ತ ಸಾಲದ ಆ ಚರ್ಮದಲ್ಲಿ ತುಣುಕು ತೆಗೆದ ಗಾಯವೂ ನಿಧಾನವಾಗಿ ಮಾಯುವುದರಿಂದ, ಈ ಪರೀಕ್ಷೆಯನ್ನು ಕ್ಯಾನ್ಸರ್ ವೈದ್ಯರೇ ಮಾಡುವುದು ಉಚಿತ. ಆ ಕಾರಣದಿಂದಲೇ ಆ ತಾಯಿಯ ಹುಣ್ಣಿಗೆ ನಾನು ಕೈಹಾಕದೆ ಅವರನ್ನು ಮೇಲಿನ ಆಸ್ಪತ್ರೆಗೆ ಕಳುಹಿಸಿದೆ.

ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದಕ್ಕೆ ಬರುತ್ತೇನೆ. ಮಾಡಬಾರದ್ದೇ ಹೆಚ್ಚು. ಅರಿಶಿನ, ಸುಣ್ಣ, ಬೂದಿ, ಕಾಫಿಪುಡಿ, ಸೊಪ್ಪಿನ ರಸ, ಬೇರಿನ ಲೇಪ, ಸೀಮೆಎಣ್ಣೆ ಯಾವುದನ್ನೂ ಹಚ್ಚಬೇಡಿ. ಉರಿಯುವ ಔಷಧಿಯೇ ಒಳ್ಳೆಯ ಔಷಧಿ ಎಂಬ ನಂಬಿಕೆಯಿಂದ ಸ್ಪಿರಿಟ್ಟನ್ನೋ ನೊರೆ ಬರುವ ಪೆರಾಕ್ಸೈಡನ್ನೋ ಸುರಿಯುವವರಿದ್ದಾರೆ; ಅಳಿದುಳಿದ ಜೀವಂತ ಕೋಶಗಳನ್ನೂ ಅವು ಸುಡುತ್ತವೆ. ಬಿಸಿ ಶಾಖ ಕೊಡಲೇಬಾರದು. ಅಂಟುಪಟ್ಟಿಯನ್ನು ಆ ಚರ್ಮಕ್ಕೆ ಅಂಟಿಸಬಾರದು, ಕೀಳುವಾಗ ಚರ್ಮವೇ ಕಿತ್ತುಬರುತ್ತದೆ.

ಒಂದು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಸಮತಟ್ಟಾದ ಒಂದೂವರೆ ಟೀ ಚಮಚ ಉಪ್ಪು ಹಾಕಿ ಆರಿಸಿದರೆ ಗಾಯ ತೊಳೆಯುವ ನೀರು ಸಿದ್ಧವಾಯಿತು. ಕೈಯನ್ನು ಸೋಪಿನಿಂದ ತೊಳೆದು, ಆ ನೀರನ್ನು ಹುಣ್ಣಿನ ಮೇಲೆ ಮೆಲ್ಲಗೆ ಸುರಿಯಬೇಕು, ಉಜ್ಜಬಾರದು. ಒಣ ಗಾಜ್ ಬಟ್ಟೆ ಹುಣ್ಣಿಗೆ ಅಂಟಿಕೊಳ್ಳುವುದರಿಂದ, ಮೇಣದಂಥ ಪ್ಯಾರಾಫಿನ್ ಸವರಿದ ಗಾಜನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆದು ಮೇಲಿಟ್ಟು, ಅದರ ಮೇಲೆ ಒಣ ಗಾಜಿಟ್ಟು, ಸುತ್ತುಬಟ್ಟೆಯಿಂದ ಎದೆಯ ಸುತ್ತ ಸಡಿಲವಾಗಿ ಕಟ್ಟಬೇಕು. ಬಿಚ್ಚುವಾಗ ಅಂಟಿದ್ದರೆ ಅದೇ ಉಪ್ಪುನೀರಿನಿಂದ ನೆನೆಸಿ ಬಿಡಿಸಿ. ನೊಣ ಕೂರದಂತೆ ಸದಾ ಮುಚ್ಚಿರಬೇಕು. ತೆರೆದಿಟ್ಟು ಹುಳು ಬಿದ್ದ ಹುಣ್ಣುಗಳನ್ನು ನಾನು ನೋಡಿದ್ದೇನೆ, ಆ ವಿವರ ಬೇಡ. ಇದೆಲ್ಲ ಆಸ್ಪತ್ರೆಗೆ ಹೋಗುವವರೆಗಿನ ಹಾಗೂ ಅಲ್ಲಿಂದ ಬಂದ ಮೇಲಿನ ಆರೈಕೆಯೇ ಹೊರತು ಆಸ್ಪತ್ರೆಗೆ ಬದಲಲ್ಲ.

ಎದೆಯ ಬದಿಯ ಹುಣ್ಣನ್ನು ತಾನೇ ತೊಳೆದು ಕಟ್ಟಿಕೊಳ್ಳುವುದು ಕಷ್ಟ. ಒಂದು ಕೈ ಮೇಲೆತ್ತಿ ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಲು ಪ್ರಯತ್ನಿಸಿ ನೋಡಿ, ನಿಮಗೇ ತಿಳಿಯುತ್ತದೆ. ಇನ್ನೊಬ್ಬರ ಕೈ ಬೇಕು. ಆ ಕೈ ಗಂಡನದಾಗಿರಲಿ ಎಂದು ಹೇಳಲೆಂದೇ ನಾನು ಈ ಸಭೆಯನ್ನು ಆರಿಸಿಕೊಂಡೆ. ಕರುವಿನ ಹುಣ್ಣನ್ನು ಅಸಹ್ಯವಿಲ್ಲದೆ ತೊಳೆದು ಕಟ್ಟುವ ಗಂಡಸರು ನೀವು. ಹೆಂಡತಿಯ ಎದೆಯ ಗಾಯವನ್ನು ನೋಡುವುದು ಮಾತ್ರ ಮರ್ಯಾದೆಗೆ ಕುಂದೆಂದು ಭಾವಿಸುವಿರಿ. ಆಕೆಯೂ ಹಾಗೆಯೇ ಭಾವಿಸಿ, ಸ್ತನವಿಲ್ಲದ ಎದೆಯನ್ನು ಗಂಡ ನೋಡಬಾರದೆಂದು ಕತ್ತಲಲ್ಲಿ ಬಟ್ಟೆ ಬದಲಿಸುತ್ತಾಳೆ. ಈ ಸಂಕೋಚದಲ್ಲಿ ತಿಂಗಳುಗಳು ಕಳೆದುಹೋಗುತ್ತವೆ. ಚಿಕಿತ್ಸೆ ಪಡೆದ ಹೆಣ್ಣುಮಗಳು ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ಆ ಜಾಗವನ್ನು ನೋಡಿಕೊಳ್ಳಲಿ. ತನ್ನ ಕಣ್ಣಿಗೆ ಕಾಣದ ಕಂಕುಳಿನ ಹಿಂಭಾಗವನ್ನು ಯಜಮಾನರು ನೋಡಲಿ. ಯಾವುದೇ ಬಿರುಕು, ಗಾಯ, ಗಂಟು ಎರಡು ವಾರದಲ್ಲಿ ಮಾಯದಿದ್ದರೆ ಹೊರಡಿ. ರಕ್ತ ಒಸರಿದರೆ, ದುರ್ವಾಸನೆ ಬಂದರೆ, ಅಂಚು ಗಟ್ಟಿಯಾಗಿ ಮೇಲೆದ್ದರೆ, ಜ್ವರ ಬಂದರೆ, ಮೂಳೆ ಕಂಡರೆ ಎರಡು ವಾರವೂ ಕಾಯಬೇಡಿ.

ಊಟದ ವಿಷಯ. ಗಾಯವಾದವರಿಗೆ "ನಂಜಾಗುತ್ತದೆ" ಎಂದು ಬೇಳೆ, ಮೊಟ್ಟೆ, ಬದನೆಕಾಯಿ, ಮಾಂಸ ಎಲ್ಲವನ್ನೂ ಬಿಡಿಸಿ ಬರಿಯ ಗಂಜಿ ಸಾರಿನಲ್ಲಿ ಇಡುವ ಪದ್ಧತಿ ನಮ್ಮಲ್ಲಿದೆ. ಗಾಯ ತುಂಬಲು ಸಸಾರಜನಕ ಬೇಕೇ ಬೇಕು. ಹೆಸರುಕಾಳು, ಹುರುಳಿ, ಕಡಲೆಕಾಯಿ, ಮೊಟ್ಟೆ, ಹಾಲು, ಮೀನು, ನುಗ್ಗೆಸೊಪ್ಪು, ನೆಲ್ಲಿಕಾಯಿ, ಮನೆಯಲ್ಲಿರುವುದನ್ನು ಧಾರಾಳವಾಗಿ ಕೊಡಿ. ಬಿಡಬೇಕಾದ್ದು ಬದನೆಕಾಯಿಯನ್ನಲ್ಲ, ಹೊಗೆಸೊಪ್ಪನ್ನು. ಎಲೆಯಡಿಕೆಯ ಜೊತೆಗೆ ಕಡ್ಡಿಪುಡಿ ಹಾಕುವ ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ತಂಬಾಕಿನಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೊದಲೇ ಹೂಳು ತುಂಬಿದ ಕಾಲುವೆಗೆ ಅಡ್ಡಲಾಗಿ ಕಲ್ಲಿಟ್ಟಂತೆ. ಮನೆಯೊಳಗೆ ಬೀಡಿ ಸೇದುವ ಗಂಡಸರೂ ಇದನ್ನು ಕೇಳಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿದ್ದರೆ ಅದು ಹತೋಟಿಯಲ್ಲಿರಬೇಕು.

ಇನ್ನು ಆ ತಾಯಿಗೆ ಏನಾಯಿತೆಂಬುದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 1973ರಲ್ಲಿ ಆರಂಭವಾದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಅದು. ಅಂಥ ಆಸ್ಪತ್ರೆಗಳಲ್ಲಿ ಮೊದಲು ಕೇಳುವುದು ಹಳೆಯ ಕಾಗದಗಳನ್ನು: ಯಾವ ಭಾಗಕ್ಕೆ, ಎಷ್ಟು ಸಲ, ಎಷ್ಟು ಪ್ರಮಾಣದ ಕಿರಣ ಕೊಟ್ಟಿದ್ದರು ಎಂಬುದು. ಆ ತಾಯಿ ಕಾಗದಗಳು ಕಳೆದುಹೋದವೆಂದು ಹೇಳಿದ್ದರು. ಆದರೆ ಯಜಮಾನರು ಜಮೀನಿನ ಪಹಣಿ, ಸೊಸೈಟಿ ಸಾಲದ ರಸೀದಿಗಳ ಜೊತೆಗೆ ಟ್ರಂಕಿನಲ್ಲಿ ಅವುಗಳನ್ನೂ ಜೋಪಾನವಾಗಿಟ್ಟಿದ್ದರು. ಹನ್ನೊಂದು ವರ್ಷದ ಹಿಂದಿನ ಬಿಡುಗಡೆ ಚೀಟಿ ಅಚ್ಚಳಿಯದೆ ಸಿಕ್ಕಿತು. ನಮ್ಮ ಕೇಂದ್ರದಲ್ಲಿ ಆ ದಿನ ಅದನ್ನು ಓದಿದಾಗ ನನಗಾದ ಸಮಾಧಾನ ಹೇಳತೀರದು.

ತುಣುಕಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂತು. ಸ್ಕ್ಯಾನಿನಲ್ಲಿ ಹುಣ್ಣಿನ ಕೆಳಗಿನ ಪಕ್ಕೆಲುಬಿನ ಒಂದು ತುಂಡು ಸತ್ತಿರುವುದು ಕಂಡಿತು. ಚಿಕ್ಕ ಹುಣ್ಣಾಗಿದ್ದರೆ ಕಟ್ಟು, ಸೋಂಕಿಗೆ ಮಾತ್ರೆ, ಒಳ್ಳೆಯ ಆಹಾರ ಇವುಗಳಿಂದಲೇ ತಿಂಗಳುಗಳಲ್ಲಿ ಮಾಯಿಸಲು ನೋಡುತ್ತಾರೆ. ರಕ್ತಸಂಚಾರಕ್ಕೆ ನೆರವಾಗುವ ಪೆಂಟಾಕ್ಸಿಫಿಲಿನ್ ಮಾತ್ರೆಯನ್ನು ಇ ಜೀವಸತ್ವದೊಡನೆ ಕೊಡುವುದುಂಟು. ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ, ಗಾಳಿಯ ಒತ್ತಡ ಹೆಚ್ಚಿಸಿದ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸುವ ಚಿಕಿತ್ಸೆಯೂ ಇದೆ. ಅದನ್ನು ಮೂವತ್ತು ನಲವತ್ತು ಬಾರಿ ಮಾಡಬೇಕಾಗುವುದರಿಂದ ಹಳ್ಳಿಯವರಿಗೆ ಸುಲಭವಲ್ಲ. ಮೂಳೆಯವರೆಗೆ ಇಳಿದ ಹುಣ್ಣಿಗೆ ಶಸ್ತ್ರಕ್ರಿಯೆಯೇ ದಾರಿ.

ಈ ಶಸ್ತ್ರಕ್ರಿಯೆಯಲ್ಲೂ ಒಂದು ಸೂಕ್ಷ್ಮವಿದೆ. ತೊಡೆಯಿಂದ ತೆಳ್ಳನೆಯ ಚರ್ಮ ತೆಗೆದು ಹುಣ್ಣಿನ ಮೇಲೆ ಹೊದಿಸಿದರೆ ಸಾಲದು. ಒಣನೆಲದಲ್ಲಿ ನಾಟಿ ಹಾಕಿದ ಪೈರು ಬೇರೂರುವುದೇ? ಆದ್ದರಿಂದ ಕೆಟ್ಟ ಚರ್ಮವನ್ನೂ ಸತ್ತ ಮೂಳೆಯನ್ನೂ ಪೂರ್ತಿ ತೆಗೆದು, ಬೆನ್ನಿನ ಅಗಲವಾದ ಸ್ನಾಯುವನ್ನು ಮೇಲಿನ ಚರ್ಮದ ಸಮೇತ, ಅದರ ರಕ್ತನಾಳವನ್ನು ಕಡಿಯದೆ, ಕಂಕುಳಿನ ಕೆಳಗಿನಿಂದ ತಿರುಗಿಸಿ ಎದೆಗೆ ತಂದು ಹೊಲಿಯುತ್ತಾರೆ. ಹೊಸ ಮಣ್ಣು ತನ್ನ ಕಾಲುವೆಯನ್ನು ತಾನೇ ಜೊತೆಗೆ ತಂದಂತೆ. ಇಟಲಿಯ ತಾನ್ಸಿನಿ ಎಂಬ ಶಸ್ತ್ರವೈದ್ಯನು 1906ರಲ್ಲಿಯೇ ಸ್ತನ ತೆಗೆದ ಎದೆಯನ್ನು ಮುಚ್ಚಲು ಈ ಸ್ನಾಯುವನ್ನು ಬಳಸುವ ಕ್ರಮವನ್ನು ವಿವರಿಸಿದ್ದನು. ಬೆನ್ನಿನ ಸ್ನಾಯು ಒದಗದಿದ್ದರೆ ಹೊಟ್ಟೆಯ ಸ್ನಾಯುವನ್ನೋ, ಕರುಳಿನ ಮುಂದೆ ಹರಡಿರುವ ಕೊಬ್ಬಿನ ಪರದೆಯನ್ನೋ ತರುವುದುಂಟು.

ಆ ತಾಯಿಗೆ ಬೆನ್ನಿನ ಸ್ನಾಯುವಿನಿಂದಲೇ ಶಸ್ತ್ರಕ್ರಿಯೆಯಾಯಿತು. ಒಂದು ಅಂಚಿನಲ್ಲಿ ಹೊಲಿಗೆ ಬಿಟ್ಟು ಮತ್ತೆ ಮೂರು ವಾರ ಕಟ್ಟು ಹಾಕಬೇಕಾಯಿತು. ಆ ಕಟ್ಟನ್ನು ಯಜಮಾನರೇ ನಮ್ಮ ಶುಶ್ರೂಷಕಿಯಿಂದ ಕಲಿತು ಮನೆಯಲ್ಲಿ ಹಾಕಿದರು. ಹುಣ್ಣು ಮಾಯಿತು. ನೀರಿನ ಬಿಂದಿಗೆಯನ್ನು ಆ ಕೈಯಲ್ಲಿ ಮೊದಲಿನಷ್ಟು ಎತ್ತಲಾಗದೆಂದು ಹೇಳುತ್ತಾರೆ. ಅದು ನಿಜ, ಬೆನ್ನಿನ ಸ್ನಾಯುವನ್ನು ತೆಗೆದುಕೊಂಡುದರ ಬೆಲೆ ಅದು. ಮಗಳ ಮದುವೆಗೆ ನನ್ನನ್ನು ಕರೆದಿದ್ದರು. ಕೆಲಸದ ಒತ್ತಡದಿಂದ ಹೋಗಲಾಗಲಿಲ್ಲ.

ಎಲ್ಲರಿಗೂ ಹೀಗೆಯೇ ಆಗುವುದಿಲ್ಲವೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಮರುವರ್ಷ ಇನ್ನೊಂದು ಊರಿನಿಂದ ಇಂಥದೇ ಹುಣ್ಣಿನೊಡನೆ ಬಂದ ಇನ್ನೊಬ್ಬ ತಾಯಿಯ ತುಣುಕಿನಲ್ಲಿ ಕ್ಯಾನ್ಸರ್ ಇತ್ತು. ಅವರೂ ಒಂದು ವರ್ಷ ಮುಚ್ಚಿಟ್ಟಿದ್ದರು. ಅವರು ಉಳಿಯಲಿಲ್ಲ. ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೆಂದು ಪ್ರಮಾಣ ಮಾಡಿ ಹೇಳಲಾರೆ. ಚಿಕಿತ್ಸೆಗೆ ಹೆಚ್ಚು ದಾರಿಗಳಿರುತ್ತಿದ್ದವು ಎಂದು ಮಾತ್ರ ಹೇಳಬಲ್ಲೆ.

ಕುಟುಂಬ ಕಲ್ಯಾಣದ ಸಭೆಯಾದುದರಿಂದ ಒಂದು ಮಾತು ಸೇರಿಸಬೇಕು. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ, ಇನ್ನೂ ಮುಟ್ಟು ನಿಲ್ಲದ ಹೆಣ್ಣುಮಕ್ಕಳು ಮಾಲಾ ಮುಂತಾದ ಹಾರ್ಮೋನು ಗುಳಿಗೆಗಳನ್ನೂ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದನ್ನೂ ತೆಗೆದುಕೊಳ್ಳಬಾರದು. ಅವರಿಗೆ ತಾಮ್ರದ ವಂಕಿ, ಅಂದರೆ ಕಾಪರ್-ಟಿ, ಸೂಕ್ತ, ನಿರೋಧ್ ಸೂಕ್ತ. ಮಕ್ಕಳು ಸಾಕೆಂದಿದ್ದರೆ, ಇಷ್ಟೆಲ್ಲ ಶಸ್ತ್ರಕ್ರಿಯೆ ಸಹಿಸಿದ ಹೆಂಡತಿಯನ್ನು ಮತ್ತೊಮ್ಮೆ ಮೇಜಿನ ಮೇಲೆ ಮಲಗಿಸುವ ಬದಲು, ಗಂಡನೇ ಹೊಲಿಗೆಯಿಲ್ಲದ, ಕತ್ತಿ ಬಳಸದ ಸಂತಾನಹರಣ ಚಿಕಿತ್ಸೆಗೆ ಮುಂದಾಗಬಹುದಲ್ಲವೇ? ಅರ್ಧ ಗಂಟೆಯ ಕೆಲಸವದು.

ಖರ್ಚಿನ ಚಿಂತೆಯಿಂದ ಹಿಂಜರಿಯುವವರಿಗೆ: 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ನಮ್ಮ ರಾಜ್ಯದಲ್ಲಿದೆ. ಪಡಿತರ ಚೀಟಿ, ಆಧಾರ್ ಚೀಟಿಗಳನ್ನು ತಪ್ಪದೆ ಒಯ್ಯಿರಿ. ಯಾವ ಚಿಕಿತ್ಸೆ ಯೋಜನೆಯಲ್ಲಿ ಸೇರಿದೆಯೆಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕೇಳಿದರೆ ತಿಳಿಸುತ್ತಾರೆ. ನೇರವಾಗಿ ಬೆಂಗಳೂರಿಗೆ ಬಸ್ಸು ಹತ್ತುವ ಮೊದಲು ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಬಂದು ಶಿಫಾರಸು ಪತ್ರ ಪಡೆದುಕೊಳ್ಳಿ; ಅನಾವಶ್ಯಕ ಓಡಾಟ ತಪ್ಪುತ್ತದೆ.

ಈ ಭಾಷಣ ಮುಗಿದ ಮೇಲೆ ಪಕ್ಕದ ಕೊಠಡಿಯಲ್ಲಿ ನಮ್ಮ ಶುಶ್ರೂಷಕಿ ಸಂಜೆ ಐದರವರೆಗೆ ಇರುತ್ತಾರೆ. ಸಭೆಯಲ್ಲಿ ಕೇಳಲು ಸಂಕೋಚವಿರುವ ತಾಯಂದಿರು ಅವರೊಡನೆ ಮಾತನಾಡಬಹುದು. ಯಜಮಾನರನ್ನು ಹೊರಗೆ ನಿಲ್ಲಿಸಬೇಕಾಗಿಲ್ಲ, ಒಳಗೆ ಕರೆದುಕೊಂಡೇ ಹೋಗಿ.